ಉತ್ತರ ಹೇಳಬಾರದ ಕ್ಲಾಸು

ಶೆಟ್ಟಿಹಳ್ಳಿ, ತುಮಕೂರು
೧೮ ಆಗಸ್ಟ್ ೨೦೨೪

ಪ್ರೀತಿಯ ರೂಪಶ್ರೀ,

ಹೇಗಿದ್ದೀಯ? ಗುಬ್ಬಿಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ತಿಂಗಳಾಯಿತು. ಬೈದುಕೋ, ಆದರೆ ಪೂರ್ತಿ ಓದಿ ಆಮೇಲೆ ಬೈ. ಬಿ.ಎಡ್. ಓದುವಾಗ ನನ್ನನ್ನು ಜಂಬದ ಕೋಳಿ ಅನ್ನುತ್ತಿದ್ದೆಯಲ್ಲ, ಇವತ್ತು ಆ ಕೋಳಿ ಜೋರಾಗಿಯೇ ಕೂಗಲಿದೆ.

ಯಡಿಯೂರಿನ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ನನ್ನ ಗಣಿತದ ಕ್ಲಾಸಿಗೊಂದು ನಿಯಮವಿದೆ. ಉತ್ತರ ಗೊತ್ತಾದವರು ಉತ್ತರ ಹೇಳುವಂತಿಲ್ಲ. ಪಕ್ಕದವರಿಗೆ ದಾರಿ ಕಾಣುವಂಥ ಒಂದು ಪ್ರಶ್ನೆ ಕೇಳಬೇಕು. ಹೀಗಾಗಿ ಕ್ಲಾಸಿನಲ್ಲಿ ಸದಾ ಗದ್ದಲ. ಮಿಸ್ ಕಲಿಸುವುದಿಲ್ಲ, ಮಕ್ಕಳನ್ನು ಹರಟೆಗೆ ಬಿಡುತ್ತಾರೆ, ಹತ್ತನೇ ಕ್ಲಾಸನ್ನು ಬೇರೆಯವರಿಗೆ ಕೊಡಿ ಎಂದು ಪೋಷಕರು ಪಟ್ಟು ಹಿಡಿದರು. ಶಾಲಾ ಸಮಿತಿಯ ಅಧ್ಯಕ್ಷ ಭೀಮರಾಜ್ ಅವರದೇ ದೊಡ್ಡ ದನಿ. ನನಗೂ ರೇಗಿತು. ಒಂದು ಪೀರಿಯಡ್ ಬಂದು ನೋಡಿ, ಆಮೇಲೆ ತೀರ್ಮಾನ ಮಾಡಿ ಎಂದೆ.

ಬುಧವಾರ ಬಂದರು. ಸಮರೂಪ ತ್ರಿಭುಜಗಳ ಪಾಠ. ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ, ಒಂದು ಕೋಲು ಕೊಟ್ಟು, ಮಾರನೇ ದಿನದ ಸ್ವಾತಂತ್ರ್ಯೋತ್ಸವಕ್ಕೆಂದು ಬಣ್ಣ ಬಳಿದಿದ್ದ ಧ್ವಜಸ್ತಂಭವನ್ನು ಮುಟ್ಟದೆ ಅದರ ಎತ್ತರ ಹೇಳಿ ಎಂದೆ. ಮಕ್ಕಳು ಪೋಷಕರನ್ನೂ ಸೇರಿಸಿಕೊಂಡು ಕೋಲಿನ ನೆರಳು, ಕಂಬದ ನೆರಳು ಎರಡನ್ನೂ ಅಳೆಯತೊಡಗಿದರು. ಆಗ ಪುಟ್ಟಗಂಗಮ್ಮ ಎಂಬ ತಾಯಿ ತಡೆದರು. "ನೆರಳು ನಂಬ್ಕಂಡು ಲೆಕ್ಕ ಮಾಡ್ತೀರಲ್ಲ, ಮಧ್ಯಾಹ್ನಕ್ಕೆ ನೆರಳು ಮೋಟಾಗ್ತದೆ. ಕಂಬಾನೂ ಮೋಟಾಗ್ತದಾ?"

ಎಲ್ಲರೂ ನಕ್ಕರು. ಅವರ ಮಗಳು ತನುಶ್ರೀ ನಗಲಿಲ್ಲ. ಹೋದ ವರ್ಷವೆಲ್ಲ ಬಾಯಿ ಬಿಡದ ಹುಡುಗಿ ಅದು. ಭೀಮರಾಜ್ ಉತ್ತರ ಹೇಳಮ್ಮ ಎಂದು ಅವಸರ ಮಾಡಿದರೂ ಹೇಳಲಿಲ್ಲ. ತಾಯಿಯ ಕೈಗೆ ಕೋಲು ಕೊಟ್ಟು, "ಅವಾಗ ಈ ಕೋಲಿನ ನೆರಳು ಏನಾಗ್ತದವ್ವಾ?" ಎಂದು ಕೇಳಿದಳು. ಪುಟ್ಟಗಂಗಮ್ಮ ಕೋಲನ್ನು ನೆಲಕ್ಕೆ ಊರಿ ನೋಡಿದರು, ಕಂಬವನ್ನು ನೋಡಿದರು. "ಇದ್ರದ್ದೂ ಮೋಟಾಗ್ತದೆ. ಇದು ಅರ್ಧ ಆದ್ರೆ ಅದೂ ಅರ್ಧ. ಹಂಗಾರೆ ಯಾವಾಗ ಅಳೆದ್ರೂ ಒಂದೇ ಬುಡು."

ನನಗೆ ಕಣ್ಣು ತುಂಬಿ ಬಂತು ಕಣೇ. ಪ್ರಶ್ನೆ ಕೊಟ್ಟ ಮೇಲೆ ನಾನು ಒಂದು ಮಾತೂ ಆಡದೆ ಪಾಠ ಮುಗಿದಿತ್ತು. ಹೊರಡುವಾಗ ಭೀಮರಾಜ್, ಗದ್ದಲ ಇದ್ದರೆ ಇರಲಿ, ಹತ್ತನೇ ಕ್ಲಾಸು ನಿಮ್ಮ ಹತ್ತಿರವೇ ಇರಲಿ ಮಿಸ್ ಎಂದರು. ಸಂಜೆ ಮನೆಗೆ ಬರುವಾಗ ಆ ಖುಷಿಯಲ್ಲಿ ಬಸ್ಸು ಕುಣಿಗಲ್ ದಾಟಿದ್ದೇ ನನಗೆ ತಿಳಿಯಲಿಲ್ಲ.

ನಿನ್ನ ಮಗನಿಗೆ ನನ್ನ ಆಶೀರ್ವಾದ. ನಿನ್ನ ಕ್ಲಾಸಿನಲ್ಲೂ ಇಂಥ ಗದ್ದಲ ಏಳಲಿ. ಸಿದ್ಧಲಿಂಗೇಶ್ವರ ನಿಮ್ಮನ್ನೆಲ್ಲ ನಗುನಗುತ್ತ ಇರುವಂತೆ ನೋಡಿಕೊಳ್ಳಲಿ.

ನಿನ್ನ
ಶಶಿಕಲಾ

ಮತ್ತೆ: ನನ್ನ ಮಗಳು ಕಾವ್ಯ ಹೇಗಿದ್ದಾಳೆ ಎಂದು ನೀನು ಪತ್ರದಲ್ಲಿ ಕೇಳಿದ್ದೆ. ಮೇಲೆ ಬರೆಯಲು ಆಗಲಿಲ್ಲ. ಅವಳೂ ಈ ವರ್ಷ ಹತ್ತನೇ ಕ್ಲಾಸು, ಇಲ್ಲೇ ತುಮಕೂರಿನಲ್ಲಿ. ನಿನ್ನೆ ಗಣಿತದ ಟೆಸ್ಟ್ ಪೇಪರ್ ತಂದು ನನ್ನ ಮುಂದಿಟ್ಟಳು. ಫೇಲಾಗಿದ್ದಳು. ಅಭ್ಯಾಸಬಲದಿಂದ, ಎಲ್ಲಿ ತಪ್ಪಿದೆ ಅಂತ ನಿನಗೆ ಅನ್ನಿಸುತ್ತೆ ಎಂದು ಕೇಳಿದೆ. "ಮನೇಲೂ ನಾನೇ ಕಂಡುಹಿಡೀಬೇಕಾ ಅಮ್ಮ?" ಎಂದು ಪೇಪರ್ ವಾಪಸ್ ತೆಗೆದುಕೊಂಡು ಎದ್ದುಹೋದಳು. ಈಗ ಪಕ್ಕದ ರೂಮಿನಲ್ಲೇ ಇದ್ದಾಳೆ. ಹೋಗಿ ಏನು ಹೇಳಬೇಕೋ ತಿಳಿಯದೆ ನಿನಗೆ ಬರೆಯುತ್ತ ಕೂತಿದ್ದೇನೆ.