ಒಂಬತ್ತನೇ ಕೆನೆತ

ಮಾರ್ಚ್ 3, ಸೋಮವಾರ

ಲೆನ್ಸ್ ಒರೆಸುವುದರಲ್ಲೇ ಅರ್ಧ ಗಂಟೆ ಹೋಯಿತು. ನಿನ್ನೆಯ ಬಿಳಿ ಕುದುರೆ ನೇರವಾಗಿ ಗಾಜಿಗೇ ಸೀನಿತ್ತು. ಆಮೇಲೆ ಅಪ್ಪನ ಜೊತೆ ಸವಾರಿ ಶಾಲೆಗೆ, ಬಸ್ಸಿನಲ್ಲಿ ಎರಡು ಗಂಟೆ. ಅಪ್ಪ ನಾಲ್ಕು ಕುದುರೆಗೆ ಲಾಳ ಹೊಡೆದ. ನಾನು ಕಾಲು ಹಿಡಿದೆ. ಬಿಡುವಾದಾಗ ಫೋನಿನಲ್ಲಿ ಕೆನೆತ ರೆಕಾರ್ಡ್ ಮಾಡಿಕೊಂಡೆ.

ಇವತ್ತಿನದು ಒಂಬತ್ತನೆಯದು. ಕೆಂಪು ಹೆಣ್ಣು ಕುದುರೆ, ಹಿಂದಿನ ಎಡಗಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ. ಅಪ್ಪನ ಟೋಪಿ ಕಚ್ಚಿಕೊಂಡು ಹೋಗಿ ನೀರಿನ ತೊಟ್ಟಿಗೆ ಹಾಕಿತು. ಹಾಕಿ, ತಲೆಯೆತ್ತಿ ಕೂಗಿತು. ಉದ್ದಕ್ಕೆ ಹೋಗಿ ಕೊನೆಯಲ್ಲಿ ಮೂರು ತುಂಡಾಗುವ ಧ್ವನಿ. ಅಂಥದ್ದು ನನ್ನ ಹತ್ತಿರ ಇನ್ನೊಂದಿಲ್ಲ. ಫೋನಿನಲ್ಲಿ ಹೆಸರಿನ ಜಾಗಕ್ಕೆ ಬರೀ 9 ಅಂತ ಹಾಕಿದೆ. ಎಲ್ಲಕ್ಕೂ ಹಾಗೇ, ಬರೀ ನಂಬರು.

ಅತ್ತೆಗೆ ಇದೆಲ್ಲ ಹುಡುಗಾಟ. ಅಪ್ಪನ ತಂಗಿ ಅವಳು, ನಾನು ಕೆಲಸ ಮಾಡುವ ಕುದುರೆ ಫೋಟೋ ಸ್ಟುಡಿಯೋ ಅವಳದು. ಇಪ್ಪತ್ತು ವರ್ಷದಿಂದ ಕಾಳಿನ ಡಬ್ಬ ಗಲಗಲ ಅನ್ನಿಸುವ ಪದ್ಧತಿಯೂ ಅವಳದೇ. ಎಲ್ಲ ಕಿವಿಗಾಗಿ. ಕುದುರೆ ಕಿವಿ ಹಿಂದಿಟ್ಟರೆ ಎಷ್ಟು ಒಳ್ಳೆಯ ಬೆಳಕಿದ್ದರೂ ಫೋಟೋ ದಂಡ. ನಮಗೆ ನಗು ಹೇಗೋ ಅದಕ್ಕೆ ಕಿವಿ ಹಾಗೆ. ಆದರೆ ಡಬ್ಬದ ಗುಟ್ಟು ಎರಡನೇ ಸಲಕ್ಕೇ ಕುದುರೆಗೆ ಗೊತ್ತಾಗಿಬಿಡುತ್ತದೆ. ಕೆನೆತ ಹಾಗಲ್ಲ... ಗುರುತಿಲ್ಲದ ಕುದುರೆ ಎಲ್ಲಿಂದಲೋ ಕರೆದರೆ ಎಂಥ ಸೋಮಾರಿಯೂ ಕಿವಿ ನಿಮಿರಿಸುತ್ತದೆ. ಇದು ನಾನೇ ಕಂಡುಕೊಂಡ ಉಪಾಯ. ಯಾರ ಮುಂದೆಯೂ ಕೊಚ್ಚಿಕೊಂಡಿಲ್ಲ, ಇಲ್ಲಿ ಕೊಚ್ಚಿಕೊಳ್ಳಬಹುದು — ಭಾರಿ ಉಪಾಯ.

ಮಾರ್ಚ್ 5, ಬುಧವಾರ, ಸಂಜೆ

ಹೊಳೆಯಲ್ಲಿ ಶೂಟಿಂಗ್. ಒಂದು ಜೋಡಿ, ಅವರ ಕಪ್ಪು ಕುದುರೆ, ಮೊಣಕಾಲುದ್ದ ನೀರು. ಕುದುರೆ ನೀರು ಚಿಮ್ಮಿಸುವಾಗ ಸೂರ್ಯನಿಗೆ ಎದುರಾಗಿ ತೆಗೆಯಬೇಕು ಅಂತ ಅತ್ತೆ ಹಿಂದೆ ಹಿಂದೆ ಹೋದಳು. ಕಲ್ಲಿನ ಮೇಲೆ ಜಾರಿದಳು.

“ಹಿಡ್ಕೊ! ನನ್ನನ್ನಲ್ಲ, ಕ್ಯಾಮೆರಾ, ಕ್ಯಾಮೆರಾ!”

ಹಿಡಿದೆ. ಅತ್ತೆಯ ಕಾಲಿನ ಮೂಳೆ ಮುರಿದಿದೆ, ಆರು ವಾರ ಪ್ಲಾಸ್ಟರ್. ಕ್ಯಾಮೆರಾಗೆ ಒಂದು ಹನಿ ತಾಗಿಲ್ಲ.

ಮಾರ್ಚ್ 8, ಶನಿವಾರ

ಅತ್ತೆ ಸ್ಟುಡಿಯೋದ ಸೋಫಾ ಮೇಲೆ. ಕಾಲು ಸ್ಟೂಲಿನ ಮೇಲೆ. ಬಾಯಿಗೆ ಏನೂ ಆಗಿಲ್ಲ.

“ಇನ್ಮೇಲೆ ಎಲ್ಲ ನೀನೇ. ಕ್ಲಿಕ್ ಮಾಡೋದೂ ನೀನೇ, ಮಾತಾಡೋದೂ ನೀನೇ.”

ನಾನು ಲೆನ್ಸಿನ ಮುಚ್ಚಳ ಹುಡುಕುತ್ತಿದ್ದೆ.

“ಕೇಳಿಸ್ತಾ? ಅಣ್ಣ ನಿನ್ನ ಬಾಯಿಗೂ ಲಾಳ ಹೊಡ್ದಿದಾನಾ?”

ಕ್ಲಿಕ್ ಮಾಡುವುದಕ್ಕೆ ಹೆದರಿಕೆಯಿಲ್ಲ. ಬೆಳಕು ಎಲ್ಲಿ ಬೀಳುತ್ತದೆ, ಕುದುರೆ ಯಾವ ಗಳಿಗೆಯಲ್ಲಿ ಕತ್ತು ತಿರುಗಿಸುತ್ತದೆ, ಅದು ನನಗೆ ಅತ್ತೆಗಿಂತ ಒಂದು ಉಸಿರು ಮೊದಲೇ ಗೊತ್ತಾಗುತ್ತದೆ. ಜಂಬವಲ್ಲ, ಇರುವ ವಿಷಯ. ಕಷ್ಟ ಇರುವುದು ಕುದುರೆಯ ಪಕ್ಕ ನಿಂತ ಮನುಷ್ಯರದು. ‘ಸ್ವಲ್ಪ ಎಡಕ್ಕೆ’ ಅನ್ನುವಷ್ಟರಲ್ಲಿ ಕಿವಿಯವರೆಗೆ ಕೆಂಪಾಗುತ್ತೇನೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟೆ. ಅಪ್ಪನಿಗೆ ಕಾಲು ಹಿಡಿಯುವವರು ಬೇಕಿತ್ತು. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ, ಹಾಗಾಗಿ ಅದನ್ನು ಕಲಿಯಲೇ ಇಲ್ಲ. ಬರೆಯುವುದು ಮಾತ್ರ ಬಿಡಲಿಲ್ಲ. ಗೊರಸಿನ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಶುರುವಾದದ್ದು ಇದು.

ಮಾರ್ಚ್ 11, ಮಂಗಳವಾರ

ಮುಂದಿನ ಬೀದಿಯ ಟೈಲರಮ್ಮ ಬಂದಿದ್ದರು. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು.

“ನನ್ನ ಗುಂಡನ ಜೊತೆ ನಂದೊಂದು ಫೋಟೋ ಬೇಕು.”

ಗುಂಡ ಅವರ ಕುದುರೆ, ಹತ್ತೊಂಬತ್ತು ವರ್ಷ. ಕಣ್ಣಿನ ಒಳಗೇ ಬಾವು ಬರುವ ರೋಗ. ಒಂದು ಕಣ್ಣನ್ನು ಆಗಲೇ ತೆಗೆದಿದ್ದಾರೆ. ಇನ್ನೊಂದು ಮಂಜಾಗಿದೆ, ನೋವೂ ಇದೆ. ಇದೇ ಇಪ್ಪತ್ತೆಂಟನೇ ತಾರೀಕು ಅದನ್ನೂ ತೆಗೆಯುತ್ತಾರೆ.

“ನೋವು ಹೋಗುತ್ತೆ, ಒಳ್ಳೇದೇ,” ಅಂದರು. “ಆದ್ರೆ ಅವನಿಗೆ ಇನ್ನೂ ಕಾಣೋವಾಗ ಒಂದು ತೆಗೀಬೇಕು. ಎಲ್ಲಾದ್ರೂ ನೋಡ್ಲಿ, ನನ್ನನ್ನೇ ನೋಡ್ಬೇಕಂತಿಲ್ಲ. ಏನನ್ನಾದ್ರೂ ಆಸೆಯಿಂದ ನೋಡ್ತಿರ್ಬೇಕು. ಆಗುತ್ತಾ?”

ಅತ್ತೆ ಬಾಯಿ ತೆರೆದಳು. ಅದಕ್ಕೆ ಮುಂಚೆ ನಾನು ಹೇಳಿದೆ, “ಆಗುತ್ತೆ.”



ಮಾರ್ಚ್ 13, ಗುರುವಾರ, ಬೆಳಿಗ್ಗೆ

ಗುಂಡನನ್ನು ನೋಡಿಬಂದೆ. ಕ್ಯಾಮೆರಾ ಒಯ್ಯಲಿಲ್ಲ. ಮೊದಲ ಸಲ ಕೈ ಮಾತ್ರ ಒಯ್ಯಬೇಕು.

ಟೈಲರಮ್ಮನ ಅಂಗಡಿ ಮುಂದೆ, ಲಾಯ ಹಿಂದೆ, ನಡುವೆ ಒಂದು ಬಾಗಿಲು. ಅಂಗಡಿಯ ಬಾಗಿಲಿಗೆ ಹಿತ್ತಾಳೆಯ ಗಂಟೆ, ಯಾರು ತಳ್ಳಿದರೂ ಟಣ್ ಅನ್ನುತ್ತದೆ. ಗುಂಡ ಬೂದು ಬಣ್ಣ, ಬೀರುವಿನಷ್ಟು ದೊಡ್ಡವನು. ಬಿಸಿಲು ಕಣ್ಣಿಗೆ ಚುಚ್ಚಬಾರದೆಂದು ಮುಖಕ್ಕೆ ಕಡುನೀಲಿ ಮುಸುಕು. ಕೋಟಿನ ಒಳಬಟ್ಟೆ ಉಳಿದದ್ದರಲ್ಲಿ ಅವರೇ ಹೊಲಿದದ್ದು, ಹುಬ್ಬಿನ ಹತ್ತಿರ ಅಂದವಾಗಿ ನೆರಿಗೆ ಬೇರೆ. ಮುಸುಕು ತೆಗೆದು, ಕಣ್ಣು ತೆಗೆದ ಜಾಗ ತೋರಿಸಿದರು.

“ಡಾಕ್ಟರ ಹೊಲಿಗೆ ಪರವಾಗಿಲ್ಲ. ದಾರದ ಬಣ್ಣ ಮಾತ್ರ ಮ್ಯಾಚ್ ಆಗಿರ್ಲಿಲ್ಲ.”

ನಕ್ಕುಬಿಟ್ಟೆ. ಗುಂಡ ನನ್ನ ತೋಳು ಮೂಸಿದ.

ಕಿವಿಗಳನ್ನು ನೋಡಿಕೊಂಡೆ. ಕಣ್ಣಿನ ಕೆಲಸವನ್ನೂ ಅವೇ ಮಾಡುತ್ತಿವೆ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ, ಕಾವಲು ನಿಂತಂತೆ. ಎರಡೂ ಒಟ್ಟಿಗೆ ಮುಂದೆ ಬರುವುದೇ ಇಲ್ಲ. ಬಿಸಿಲೂ ಆಗದು. ಬೆಳಕು ಬಂದು ಸೂರ್ಯ ಬರದ ಹದಿನೈದು ನಿಮಿಷ, ಅಷ್ಟೇ ನನ್ನ ಪಾಲಿಗೆ.

ಸಾಕು.

ಮಾರ್ಚ್ 16, ಭಾನುವಾರ, ಬೆಳಿಗ್ಗೆ 9

ಹೇಗೆ ಬರೆಯುವುದು... ಆದ ಹಾಗೇ ಬರೆಯುತ್ತೇನೆ.

ನೀರಿನ ಟ್ಯಾಂಕಿನ ಹಿಂದಿನ ಹುಲ್ಲುಗಾವಲು. ಟೈಲರಮ್ಮನಿಗೆ ಅವರೇ ಹೊಲಿದ ಕೆಂಪು ಮೇಲಂಗಿ, ಹಿಂದೆ ಎಂಟು ಮೀಟರ್ ಬಟ್ಟೆ ಹುಲ್ಲಿನ ಮೇಲೆ ಹರಡಿಕೊಂಡಿತ್ತು. ಇಬ್ಬನಿ. ಬೂದು ಕುದುರೆ, ಕೆಂಪು ಬಟ್ಟೆ. ಎಲ್ಲ ನಾನು ಅಂದುಕೊಂಡಂತೆ. ‘ಸ್ವಲ್ಪ ಎಡಕ್ಕೆ’ ಅಂತ ಜೋರಾಗಿಯೇ ಹೇಳಿದೆ. ಮುಸುಕು ತೆಗೆದರು.

ಕಿವಿ ಬರಲಿಲ್ಲ. ಜೇಬಿನಲ್ಲಿದ್ದ ಫೋನಿನಿಂದ ನಾಲ್ಕನೇ ಕೆನೆತ ಹಾಕಿದೆ. ಒಂದು ಕಿವಿ. ಏಳನೆಯದು, ಅದೂ ಇಲ್ಲ. ಒಂಬತ್ತನೆಯದು ಹಾಕಿದೆ.

ಎರಡೂ ಕಿವಿ ಬಂದವು. ಬರೀ ಕಿವಿಯಲ್ಲ, ಕತ್ತು, ಎದೆ, ಇಡೀ ಕುದುರೆಯೇ ಹತ್ತು ವರ್ಷ ಹಿಂದಕ್ಕೆ ಹೋದ ಹಾಗೆ ಎದ್ದು ನಿಂತಿತು. ಒಂದು ಕ್ಲಿಕ್ ಮಾಡಿದೆ. ಎರಡನೆಯದಕ್ಕೆ ಮುಂಚೆ ಅವನು ಕೂಗಿದ. ನೆಲ ನಡುಗುವ ಹಾಗೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದ, ಹಗ್ಗ ಕಿತ್ತುಕೊಂಡು ನನ್ನ ಪಕ್ಕದಿಂದಲೇ ಓಡಿದ, ಕೆಂಪು ಬಟ್ಟೆ ಪರ್ ಅಂತ ಹರಿಯಿತು. ಬೇಲಿ ಕಾಣಲಿಲ್ಲ ಅವನಿಗೆ. ಎದೆಗೆ ಗೀರು, ಆಳವಿಲ್ಲ. ಅಲ್ಲೇ ನಿಂತು ಕೂಗುತ್ತಲೇ ಇದ್ದ. ಟೈಲರಮ್ಮ ಕುಂಟುತ್ತಾ ಹೋಗಿ ಅವನ ಕತ್ತು ತಬ್ಬಿ ಹಿಡಿದರು.

“ಎಲ್ಲಿಂದ ಬಂತು ಆ ಧ್ವನಿ?”

ಫೋನು ತೋರಿಸಿದೆ.

“ಅದು ಮೆಣಸಿ. ಇವನ ಜೊತೆಯವಳು. ನನ್ನ ಮೆಣಸಿ.”

ನಾಲ್ಕು ವರ್ಷದ ಹಿಂದೆ ಅವರಿಗೆ ಮೊಣಕಾಲಿನ ಆಪರೇಷನ್ ಆಯಿತಂತೆ. ಎರಡು ಕುದುರೆ ನೋಡಿಕೊಳ್ಳಲಾಗದೆ ಒಂದನ್ನು ದಲ್ಲಾಳಿಯ ಕೈಗೆ ಕೊಟ್ಟರಂತೆ. ಒಳ್ಳೆಯ ಕಡೆ ಸೇರಿಸುತ್ತೇನೆ ಅಂದವನು ಮತ್ತೆ ಫೋನು ಎತ್ತಲಿಲ್ಲ.

“ಸತ್ತಿದಾಳೆ ಅಂದ್ಕೊಂಡು ಸುಮ್ನಾದೆ,” ಅಂದರು. “ಹುಡುಕೋದಕ್ಕಿಂತ ಅದು ಸುಲಭ ಇತ್ತು.” ನನ್ನ ಕಡೆ ತಿರುಗಿ, “ಎಲ್ಲಿ ಸಿಕ್ಕಿದ್ಲು ನಿನಗೆ?”

ಹದಿನಾಲ್ಕು ಕೆನೆತ, ಆರು ಲಾಯ. ಬರೀ ನಂಬರು. ಆ ಗಾಬರಿಯಲ್ಲಿ ಯಾವುದು ಎಲ್ಲಿಯದು ಅಂತ ನನಗೆ ನೆನಪೇ ಬರಲಿಲ್ಲ.

ಅದೇ ದಿನ, ಮಧ್ಯಾಹ್ನ

ಸಿಕ್ಕಿತು. ಇದೇ ಪುಸ್ತಕದಲ್ಲಿ, ಮಾರ್ಚ್ ಮೂರರ ಹಾಳೆ. ಸವಾರಿ ಶಾಲೆ. ಅಪ್ಪನ ಟೋಪಿ.

ಯಾರಿಗೂ ಅಲ್ಲದ್ದನ್ನು ಯಾಕೆ ಬರೀತೀಯ ಅಂತ ಅಪ್ಪ ಕೇಳುತ್ತಿರುತ್ತಾನೆ.

ಬೆಳಗಿನ ಫೋಟೋ ಅತ್ತೆಗೆ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

“ಇಪ್ಪತ್ತು ವರ್ಷದಲ್ಲಿ ಇಂಥದ್ದೊಂದು ನನಗೆ ಸಿಕ್ಕಿಲ್ಲ. ಪ್ರಿಂಟ್ ಹಾಕಿ ಕೊಡು. ಕೆಲಸ ಮುಗೀತು.”

“ಕೊಡಲ್ಲ.”

“ಯಾಕೆ? ಕಿವಿ ಇದೆ, ಬೆಳಕಿದೆ, ಕಣ್ಣು ನೋಡು ಹೇಗಿದೆ!”

“ಅವನು ನೋಡ್ತಿರೋದು ನನ್ನ ಜೇಬನ್ನ, ಅತ್ತೆ.”

ಅತ್ತೆ ಫೋಟೋವನ್ನೂ ನನ್ನನ್ನೂ ನೋಡಿದಳು. ಆಮೇಲೆ ಪ್ಲಾಸ್ಟರಿನೊಳಗೆ ಸ್ಕೇಲು ತೂರಿಸಿ ತುರಿಸಿಕೊಳ್ಳತೊಡಗಿದಳು. ಅವಳಿಗೆ ಒಪ್ಪಿಗೆಯಾದಾಗ ಹೀಗೇ, ಬೇರೆ ಏನಾದರೂ ಮಾಡುತ್ತಾಳೆ.

ಮಾರ್ಚ್ 18, ಮಂಗಳವಾರ

ನಿನ್ನೆಯೆಲ್ಲ ಫೋನು ಕೈಯಲ್ಲಿ ಹಿಡಿದು ಕೂತಿದ್ದೇ ಆಯಿತು. ಇವತ್ತು ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಅಪ್ಪನೇ ಮಾತಾಡುತ್ತೇನೆ ಅಂದ. ಬೇಡ ಅಂದೆ. ತಪ್ಪು ನನ್ನದು, ಬಾಯೂ ನನ್ನದೇ ಆಗಬೇಕು.

“ಯಾರು?” ಸವಾರಿ ಶಾಲೆಯ ಯಜಮಾನ.

“ಲಾಳದವರ ಮಗಳು.”

“ಅಯ್ಯೋ, ಮೂಗಿ! ನಿನಗೆ ಮಾತು ಬರುತ್ತಾ?”

“ಇವತ್ತು ಬರುತ್ತೆ.”

ಹಾಳೆ ನೋಡಿಕೊಂಡು ಓದಿದೆ. ಅರ್ಧಕ್ಕೆ ಹಾಳೆ ಬಿಟ್ಟೆ. ಗುಂಡನ ಕಣ್ಣು, ಇಪ್ಪತ್ತೆಂಟನೇ ತಾರೀಕು, ಬೇಲಿ, ಎಲ್ಲ ಹೇಳಿದೆ. ಕಣ್ಣಿಲ್ಲದ ಕುದುರೆಗೆ ಗುರುತಿನ ಜೊತೆಯೊಂದಿದ್ದರೆ, ಅದರ ಕತ್ತಿಗೊಂದು ಗಂಟೆ ಕಟ್ಟಿದರೆ, ಸದ್ದು ಹಿಡಿದು ಹಿಂದೆಯೇ ನಡೆಯುತ್ತದೆ. ಅಪ್ಪನ ಜೊತೆ ಹೋದ ಲಾಯಗಳಲ್ಲಿ ಎರಡು ಕಡೆ ನೋಡಿದ್ದೇನೆ. ಅದನ್ನೂ ಹೇಳಿದೆ. ಎರಡನ್ನೂ ನೋಡಿಕೊಳ್ಳಲು ಟೈಲರಮ್ಮನಿಗೆ ನಾನೂ ಕೈ ಹಚ್ಚುತ್ತೇನೆ, ಅವಳನ್ನು ವಾಪಸ್ಸು ಕೊಡಿ ಅಂದೆ.

“ಆ ಹಲ್ಲಿನ ರಾಣಿ ತಾನೆ? ಮಕ್ಕಳ ತಿಂಡಿ ಡಬ್ಬಿ ಬಿಡಲ್ಲ, ನನ್ನ ಜೇಬು ಬಿಡಲ್ಲ. ತಗೊಂಡು ಹೋಗು ಅನ್ನೋಣ ಅನ್ಸುತ್ತೆ... ಆದ್ರೆ ನೀನು ಇಷ್ಟು ಕೇಳ್ತಿದ್ದೀಯ ಅಂದ್ಮೇಲೆ ಸುಮ್ನೆ ಕೊಡೋಕೆ ಮನಸ್ಸು ಬರಲ್ಲ ನೋಡು.”

“ನಿಮ್ಮ ಬೇರೆ ಕುದುರೆ ಎಷ್ಟಿವೆ?”

“ಹನ್ನೊಂದು.”

“ಹನ್ನೊಂದನ್ನೂ, ಅದರದರ ಸವಾರರ ಜೊತೆ, ಹೊರಗಡೆ ಒಳ್ಳೆ ಬೆಳಕಲ್ಲಿ ತೆಗೆದುಕೊಡ್ತೀನಿ. ಗೋಡೆ ತುಂಬ ಹಾಕ್ಕೊಳ್ಳಿ. ಒಂದೇ ದಿನ.”

“ಒಂದೇ ದಿನಕ್ಕೆ ಹನ್ನೊಂದಾ? ನಿಮ್ಮ ಅತ್ತೆ ಕೈಲೂ ಆಗಲ್ಲ.”

“ಅತ್ತೆ ಕೈಲಿ ಆಗಲ್ಲ,” ಅಂದೆ.

ಸೋಫಾ ಕಡೆ ನೋಡಲಿಲ್ಲ.

ಮಾರ್ಚ್ 22, ಶನಿವಾರ

ಹನ್ನೊಂದು. ಬೆಳಿಗ್ಗೆ ಐದು ಕುದುರೆ, ಸಂಜೆ ಆರು. ಇಪ್ಪತ್ತೆರಡು ಕಿವಿ, ಎಲ್ಲ ಮುಂದೆ. ಕೆನೆತ ಹಾಕಲಿಲ್ಲ. ಛತ್ರಿ ಬಿಚ್ಚಿದೆ, ಹುಲ್ಲಿನಲ್ಲಿ ಉರುಳಿದೆ, ಒಂದಕ್ಕೆ ಅಪ್ಪನ ಟೋಪಿ ಎಸೆದೆ. ದೊಡ್ಡ ದೊಡ್ಡವರಿಗೆಲ್ಲ ಎಡಕ್ಕೆ ಬನ್ನಿ, ಗದ್ದ ಇಳಿಸಿ ಅಂದೆ. ಬಂದರು, ಇಳಿಸಿದರು. ಅಷ್ಟೇನಾ ಇದು!

ಮೆಣಸಿ ಲಾಯದೊಳಗಿಂದ ನೋಡುತ್ತಿದ್ದಳು. ಹತ್ತಿರ ಹೋದಾಗ ಜೇಬಿನಲ್ಲಿದ್ದ ಲೆನ್ಸಿನ ಮುಚ್ಚಳ ಕಿತ್ತುಕೊಂಡಳು. ಕೊಟ್ಟೆ ಬಿಡು.

ಅವಳನ್ನು ಕರೆತರಲು ಲಾರಿ ಸಿಗುವುದು ಬುಧವಾರವೇ ಅಂತೆ. ಇಪ್ಪತ್ತಾರು.

ಮಾರ್ಚ್ 24, ಸೋಮವಾರ

ಗುಂಡನ ಕಣ್ಣಿನ ನೋವು ಹೆಚ್ಚಾಗಿದೆ. ನೀರು ಸುರಿಯುತ್ತಿದೆ. ಆಪರೇಷನ್ ತನಕ ಕತ್ತಲಲ್ಲೇ ಇರಲಿ, ಹೊರಗೆ ತರುವುದಾದರೆ ಒಂದೇ ಸಲ, ಅದೂ ಸೂರ್ಯ ಹುಟ್ಟುವ ಮುಂಚೆ — ಡಾಕ್ಟರ್ ಹೇಳಿದ್ದು ಇಷ್ಟು. ಲಾರಿ ತಡವಾದರೆ ಫೋಟೋ ಇಲ್ಲ. ಮೋಡ ತೆಳುವಾಗಿ ಬಿಸಿಲು ಬೇಗ ಬಿದ್ದರೆ ಇಲ್ಲ.

“ಆ ದಿನ ಒಂದು ತೆಗೆದೆಯಲ್ಲ,” ಅಂದರು ಟೈಲರಮ್ಮ. “ಬೇರೆ ಆಗ್ದಿದ್ರೆ ಅದನ್ನೇ ಕೊಡು.”

“ಅದನ್ನ ಅಳಿಸಿದೀನಿ.”

ಬೈಯುತ್ತಾರೆ ಅಂದುಕೊಂಡೆ. ಹೊಲಿಗೆ ಮೆಷಿನ್ನಿನ ಮೇಲಿದ್ದ ಹೊಸ ಚರ್ಮದ ಪಟ್ಟಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಹಿತ್ತಾಳೆಯ ಗಂಟೆ. ಅಂಗಡಿ ಬಾಗಿಲು ನೋಡಿದೆ. ಮೊಳೆ ಮಾತ್ರ ಇತ್ತು.

“ಅಂಗಡಿಗೆ?” ಅಂದೆ.

“ಬಂದೋರು ಕೆಮ್ಮಲಿ.”

ಮಾರ್ಚ್ 26, ಬುಧವಾರ, ಬೆಳಿಗ್ಗೆ 5:55

ಕ್ಯಾಮೆರಾ ಪೆಟ್ಟಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕೈ ಸುಮ್ಮನಿರಲಿ ಅಂತ. ಅದೇ ಹುಲ್ಲುಗಾವಲು. ಅಕ್ಷರ ಕಾಣುವಷ್ಟು ಬೆಳಕು ಬಂದಿದೆ. ಫೋನು ಅತ್ತೆಯ ಹತ್ತಿರ ಬಿಟ್ಟು ಬಂದೆ. ಜೇಬು ಖಾಲಿ. ಗಂಟೆಯ ಪಟ್ಟಿ ಮೆಣಸಿಗೆ ಕಟ್ಟಲು ಅಪ್ಪ ಒಯ್ದಿದ್ದಾನೆ.

ಟೈಲರಮ್ಮ ಹರಿದ ಕೆಂಪು ಬಟ್ಟೆಯನ್ನು ಹೊಲಿದು ತಂದಿದ್ದಾರೆ. ಹೊಲಿಗೆ ಎದ್ದು ಕಾಣುತ್ತದೆ, ಬೇಕೆಂದೇ ಬಿಳಿ ದಾರ. ಗುಂಡ ಮುಸುಕಿನಲ್ಲಿ. ಒಂದು ಕಿವಿ ನನ್ನ ಪೆನ್ನಿನ ಕಡೆ, ಇನ್ನೊಂದು ಎಲ್ಲೂ ಅಲ್ಲದ ಕಡೆ.

6:10. ಲಾರಿ ಇಲ್ಲ. ಪೂರ್ವದಲ್ಲಿ ಕೆಂಪು. ಟೈಲರಮ್ಮ ನನ್ನನ್ನು ನೋಡುತ್ತಾರೆ. ಬರುತ್ತೆ ಅಂದೆ. ಬರುತ್ತೆ.

6:16. ಟ್ಯಾಂಕಿನ ತಿರುವಿನಲ್ಲಿ ಇಂಜಿನ್ ಸದ್ದು. ಅಪ್ಪ ಲಾರಿಯ ಮೆಟ್ಟಿಲ ಮೇಲೆ ನೇತಾಡಿಕೊಂಡು ಕೈ ಬೀಸುತ್ತಿದ್ದಾನೆ. ತಲೆಯ ಮೇಲೆ ಟೋಪಿ ಇಲ್ಲ. ಯಾರ ಬಾಯಲ್ಲಿದೆಯೋ ಗೊತ್ತು.

ಮುಸುಕು ತೆಗೆಯಿರಿ ಅಂದೆ. ತೆಗೆದರು. ಲಾರಿಯ ಹಿಂದಿನ ಹಲಗೆ ಬಿತ್ತು. ಗಂಟೆ. ಉದ್ದನೆಯ ಒಂದು ಕೂಗು, ಕೊನೆಯಲ್ಲಿ ಮೂರು ತುಂಡು. ಗುಂಡ ಕೂಗಿದ. ಉತ್ತರ ಬಂತು, ಈ ಸಲ ಬಂತು, ಮತ್ತೆ ಬಂತು, ಹತ್ತಿರ ಬಂತು.

ಎರಡೂ ಕಿವಿ. ಪೆನ್ನು ಇಡುತ್ತೇನೆ, ಕ್ಯಾಮೆ—