ಬಿಳಿ ಗೆರೆಯಿಂದ ಎರಡು ಹೆಜ್ಜೆ

ಮನೆಯಾಕೆಗೆ,

ಮಗಳು ತೇರ್ಗಡೆಯಾದ ಸುದ್ದಿ ಫೋನಿನಲ್ಲಿ ನಿನಗೆ ಮುಟ್ಟಿದೆ. ಅದು ಕೈತಪ್ಪುವುದರಲ್ಲಿತ್ತೆಂಬುದು ಮುಟ್ಟಿಲ್ಲ.

ಗಣಿಯ ಡಂಪರಿನ ಒಂದು ಚಕ್ರವೇ ನಮ್ಮ ಬಾಗಿಲಿನ ಎರಡರಷ್ಟು ಎತ್ತರವಿದೆ. ಚಾಲಕರು ಏಣಿ ಹತ್ತಿ ಕೂರಬೇಕು. ಚಾಲಕರ ಕೆಲಸದ ಪರೀಕ್ಷೆಯ ಕೊನೆಯಲ್ಲಿ ಅವಳು ಅದನ್ನು ಹಿಮ್ಮುಖವಾಗಿ ನಡೆಸಿ ಮಣ್ಣಿನ ದಿಬ್ಬದ ಅಂಚಿನಲ್ಲಿ ನಿಲ್ಲಿಸಬೇಕಿತ್ತು. ಇದೇ ಅವಳ ಕೊನೆಯ ಅವಕಾಶ. ನೋಡಲು ಬಂದವರು ಬಿಳಿ ಗೆರೆಯ ಹಿಂದೆಯೇ ಇರಬೇಕೆಂದು ಪರೀಕ್ಷಕರು ಎರಡು ಬಾರಿ ಹೇಳಿದ್ದರು. ಅವಳು ಸರಿಯಾಗಿ ತಿರುಗಿಸುತ್ತಿರುವಳೇ ಎಂದು ನೋಡುವ ಆತುರದಲ್ಲಿ ನಾನು ಗೆರೆ ದಾಟಿದೆ. ಡಂಪರ್ ತಟ್ಟನೆ ನಿಂತು ಹಾರನ್ ಮಾಡಿತು. ನಾನು ಹಿಂದೆ ಸರಿಯುವವರೆಗೆ ಕದಲಲಿಲ್ಲ. ಪರೀಕ್ಷಕರು ಗಡಿಯಾರ ನೋಡಿ ಏನನ್ನೋ ಬರೆದುಕೊಂಡಾಗ, ಮಗಳ ಅನ್ನಕ್ಕೆ ನಾನೇ ಕಲ್ಲು ಹಾಕಿದೆನೆಂದುಕೊಂಡೆ.

"ತಡವಾಗಿದ್ದಕ್ಕೆ ಎರಡು ಅಂಕ ಕಳೆದಿದ್ದೀನಿ, ಮೇಷ್ಟ್ರೇ," ಎಂದರು ಅವರು. "ಕನ್ನಡಿ ನೋಡ್ಕೊಂಡು ನಿಲ್ಲಿಸಿದ್ದಕ್ಕೆ ಹತ್ತಕ್ಕೆ ಹತ್ತು. ಹೋದ ಸಲ ನಿಮ್ಮ ಮಗಳು ಫೇಲಾಗಿದ್ದೇ ಕನ್ನಡಿ ನೋಡದೆ."

ಅವಳು ಏಣಿಯಿಳಿದು ನೇರವಾಗಿ ನನ್ನೆಡೆಗೆ ಬಂದಳು. "ಅಪ್ಪಾ, ಮೂವತ್ತೈದು ವರ್ಷ ಮಕ್ಕಳನ್ನ ಸಾಲಲ್ಲಿ ನಿಲ್ಲಿಸಿದೋರು ನೀವು. ಹತ್ತು ನಿಮಿಷ ಗೆರೆ ಹಿಂದೆ ನಿಲ್ಲೋಕಾಗಲ್ವಾ?"

ನಾನು ಗೆರೆಯಿಂದ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದೆ.

ರಕ್ತದೊತ್ತಡದ ಮಾತ್ರೆಗಳು ಇಲ್ಲಿಯೂ ಸಿಗುತ್ತವೆ, ಕಳುಹಿಸಬೇಡ. ಸೋಮವಾರ ಅವಳು ಕೆಲಸಕ್ಕೆ ಸೇರುತ್ತಾಳೆ, ನಾನು ಮಂಗಳವಾರ ಹೊರಡುತ್ತೇನೆ. ನನ್ನ ಈ ಪ್ರತಾಪವನ್ನು ಫೋನಿನಲ್ಲಿ ನಿನಗೆ ಹೇಳುವುದಿಲ್ಲವೆಂದು ಅವಳು ಒಪ್ಪಿದ್ದಾಳೆ, ನಾನೇ ಕೈಯಾರೆ ಬರೆದು ತಿಳಿಸಬೇಕೆಂಬ ಷರತ್ತಿನ ಮೇಲೆ. ಏನೂ ಬಿಟ್ಟಿಲ್ಲವೆಂದು ಓದಿ ನೋಡಿಯೇ ಅಂಚೆ ಡಬ್ಬಿಗೆ ಹಾಕುವಳಂತೆ, ಕೈಚಾಚಿ ನಿಂತಿದ್ದಾಳೆ.

ನಿನ್ನ ಮೇಷ್ಟ್ರು