ಉಪ್ಪನಿಗೆ ಕೊಟ್ಟ ಸಾದಾ ಗಿಡ

ಪ್ರೀತಿಯ ಉಪ್ಪಾ,

ಅಸ್ಸಲಾಮು ಅಲೈಕುಂ. ನೀವು ಸೌದಿಯಲ್ಲಿದ್ದಷ್ಟು ಕಾಲ ನಿಮಗೆ ಬರೆದು ಬರೆದು ಅಭ್ಯಾಸವಾದ ಕೈ ಇದು. ಈಗ ನೀವು ಬೆಳ್ಳಾರೆಯ ಪಳ್ಳಿಯ ಹಿಂದೆ ಖಬರಸ್ತಾನದ ಮಣ್ಣಲ್ಲಿ ಮಲಗಿ ನಲವತ್ತು ದಿನವಾಯಿತು. ಹೆಂಗಸರು ಅಲ್ಲಿಗೆ ಬರುವ ಕ್ರಮವಿಲ್ಲವಲ್ಲ, ಹಾಗಾಗಿ ಹೇಳಬೇಕಾದದ್ದನ್ನು ಕಾಗದದಲ್ಲೇ ಹೇಳುತ್ತೇನೆ. ನಾನು ನಿಮಗೆ ಸುಳ್ಳು ಹೇಳಿದ್ದೆ.

ಇಪ್ಪತ್ತೆರಡು ವರ್ಷ ನೀವು ಮರುಭೂಮಿಯ ಆಲಿವ್ ತೋಟದಲ್ಲಿ ಯಾರದೋ ಮರಗಳಿಗೆ ನೀರು ಬಿಟ್ಟಿರಿ. ಊರಿಗೆ ಬಂದ ಮೇಲೆ ನಮ್ಮ ಅಂಗಳದಲ್ಲೂ ಒಂದು ಆಲಿವ್, ನಿಮ್ಮ ಬಾಯಲ್ಲಿ ಸೈತೂನ್, ಮರ ಆಗಬೇಕೆಂದು ಹಠ ಹಿಡಿದಿರಿ. ನಿಮ್ಮ ಹಠ ಅಂದರೆ ಕೇಳಬೇಕೇ! ನೆಟ್ಟ ಗಿಡಗಳೆಲ್ಲ ಆಟಿ ತಿಂಗಳ ಮಳೆಗೆ ಬೇರು ಕೊಳೆತು ಸತ್ತವು. "ಭತ್ತ ನೀರಲ್ಲೇ ನಿಲ್ತದೆ, ಅದಕ್ಕೆ ಕೊಳೆ ಇಲ್ಲ. ಇದಕ್ಕೆ ಮಾತ್ರ ಎಂತ ರೋಗ?" ಎಂದು ನೀವು ಬೈದದ್ದು ನನ್ನ ತಲೆಯೊಳಗೆ ಕೂತುಬಿಟ್ಟಿತು. ಮುಂದೆ ಪುತ್ತೂರಿನ ಪ್ರಯೋಗಾಲಯದಲ್ಲಿ ನಾನು ಮಾಡಿದ್ದೂ ಅದನ್ನೇ. ಭತ್ತದ ಒಂದು ಜೀನ್ ತೆಗೆದು ಆಲಿವ್ ಗಿಡಕ್ಕೆ ಸೇರಿಸಿದೆ. ಬೇರು ತಿನ್ನಲು ಬರುವ ಶಿಲೀಂಧ್ರದ ಜೀವಕೋಶದ ಗೋಡೆಯನ್ನೇ ಅದು ಕರಗಿಸುತ್ತದೆ. ಇಷ್ಟಕ್ಕೆ ಆರು ವರ್ಷ ಹಿಡಿಯಿತು.

ಹೃದಯದ ಡಾಕ್ಟರು ಕೈಚೆಲ್ಲಿದ ಮೇಲೆ ನೀವು ಕೇಳಿದ್ದು ಒಂದೇ. "ಕಣ್ಣು ಮುಚ್ಚುವ ಮೊದಲು ನಿನ್ನ ಗಿಡ ನಮ್ಮ ಅಂಗಳದಲ್ಲಿ ನೋಡ್ಬೇಕು." ಜೀನ್ ಬದಲಿಸಿದ ಗಿಡ ಗಾಜಿನ ಮನೆಯಿಂದ ಹೊರಗೆ ಬರುವ ಹಾಗಿಲ್ಲ, ಕಾನೂನು ಉಂಟು ಎಂದೆ. "ನಾನೆಂತ ಮಾರ್ಲಿಕ್ಕೆ ಕೇಳುದಾ? ಒಂದೇ ಒಂದು ಗಿಡ ಮಾರಾಯ್ತಿ," ಎಂದು ಆಚೆ ತಿರುಗಿ ಮಲಗಿದಿರಿ. ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಹೋಲಿಕೆಗೆಂದು ಬೆಳೆಸಿದ್ದ, ಯಾವ ಜೀನೂ ಸೇರಿಸದ ಸಾದಾ ಗಿಡವೊಂದನ್ನು ತಂದು, "ಇದೇ ಅದು," ಎಂದೆ.

ಅಯ್ಯೋ, ನಿಮ್ಮ ಆ ದಿನದ ಮುಖ! ನೀವೇ ಕೂತು ನೆಟ್ಟಿರಿ. ಬೇಡವೆಂದರೂ ನಮಾಜಿಗೆ ಕೈಕಾಲು ತೊಳೆದು ವುಳೂ ಮಾಡಿದ ನೀರನ್ನೆಲ್ಲ ಅದರ ಬುಡಕ್ಕೇ ಹೊಯ್ದಿರಿ. ಬಂದವರಿಗೆಲ್ಲ, "ನನ್ನ ಮಗಳ ಮರ, ಇದಕ್ಕೆ ಬೇರುಕೊಳೆ ಬರುದಿಲ್ಲ," ಎಂದು ತೋರಿಸಿದಿರಿ. ನೆರೆಯ ಅಚ್ಚುತಣ್ಣ, "ಹಾಗಾದ್ರೆ ನಮ್ಮ ಅಡಿಕೆಗೂ ಎಂತಾದ್ರೂ ಮಾಡ್ಲಿಕ್ಕೆ ಹೇಳಿ ಮಾರಾಯ್ರೆ," ಎಂದಾಗ ನೀವು ಉಬ್ಬಿದ್ದನ್ನು ನಾನು ಬಾಗಿಲ ಹಿಂದಿನಿಂದ ನೋಡಿದ್ದೇನೆ.

ಮೂರೇ ವಾರಕ್ಕೆ ಎಲೆ ಹಳದಿಯಾಯಿತು. ನೀವು ಶುಕ್ರವಾರದ ಜುಮಾಕ್ಕೆ ಹೋದ ಹೊತ್ತಿಗೆ ನಾನು ಪುತ್ತೂರಿನ ಬಸ್ಸಿನಿಂದ ಇಳಿದು, ಅದನ್ನು ಕಿತ್ತು, ಅಷ್ಟೇ ಎತ್ತರದ ಇನ್ನೊಂದು ಸಾದಾ ಗಿಡ ನೆಟ್ಟೆ. ಆಮೇಲೆ ಇನ್ನೊಂದು, ಮತ್ತೊಂದು. "ಸುಳ್ಳಿಗೆ ಕಾಲಿಲ್ಲ ಅಂತಾರೆ, ನಿನ್ನದಕ್ಕೆ ಬೇರೂ ಇಲ್ಲ," ಎಂದು ಬೈಯುತ್ತಲೇ ಉಮ್ಮ ಗುಂಡಿ ತೋಡಿಕೊಟ್ಟರು.

ಆಗಸ್ಟಿನ ಎರಡನೇ ಶುಕ್ರವಾರ ನನಗೆ ಬರಲಾಗಲಿಲ್ಲ. ನಮ್ಮ ಯೋಜನೆ ಮುಗಿದಿತ್ತು, ನಿಯಮದಂತೆ ಗಿಡಗಳನ್ನೆಲ್ಲ ಅಂದೇ ನಾಶ ಮಾಡಬೇಕಿತ್ತು. ಕೊಳೆರೋಗದ ಮಣ್ಣಲ್ಲಿ ಒಂದಿಡೀ ವರ್ಷ ನಿಂತ ಹನ್ನೊಂದು ಗಿಡಗಳು ನನ್ನ ಮುಂದಿದ್ದವು. ಒಂದೊಂದರ ಬೇರೂ ಬೆಳ್ಳಗಿತ್ತು. ಅವನ್ನು ತುಂಡು ಮಾಡಿ ಹಬೆಯ ಡ್ರಮ್ಮಿಗೆ ಹಾಕಬೇಕೆನ್ನುವಾಗ ನಿಮ್ಮ ಫೋನ್ ಬಂತು.

"ಮಗಳೇ, ಗಿಡ ಹೋಯ್ತು. ಎಳೆದಾಗ ಬೇರು ಕಪ್ಪಾಗಿ ಕೈಗೇ ಬಂತು. ನೀನು ಬೇಜಾರು ಮಾಡ್ಬೇಡ. ಎಷ್ಟು ಕಷ್ಟಪಟ್ಟಿ ಅಂತ ನನಗೆ ಗೊತ್ತುಂಟು. ಆಗುದಿಲ್ಲ ಅಂದ್ರೆ ಆಗುದಿಲ್ಲ, ಬಿಡು. ಊಟ ಮಾಡಿದ್ಯಾ?"

ನಾನು "ಹೂಂ" ಎಂದೆ. ಅಷ್ಟೇ. ಭಾನುವಾರ ಬಂದು ಎದುರು ಕೂತು ಎಲ್ಲ ಹೇಳಬೇಕೆಂದಿದ್ದೆ. ಭಾನುವಾರ ಬೆಳಿಗ್ಗೆ ನೀವು ಹೋಗಿಬಿಟ್ಟಿರಿ.

ಮಯ್ಯತ್ತು ನೋಡಲು ಬಂದವರು ನನ್ನ ಓದು, ಆರೋಗ್ಯ, ಬಸ್ಸು ಎಲ್ಲ ಕೇಳಿದರು. ಗಿಡದ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಅಚ್ಚುತಣ್ಣ ಆ ಖಾಲಿ ಗುಂಡಿಯನ್ನು ಸುತ್ತು ಬಳಸಿ ದಾಟಿ ಹೋದರು. ಕೊನೆಗೆ ಉಮ್ಮ ಹೇಳಿದರು: ಆ ಎರಡು ದಿನ ನೀವು ಸಿಕ್ಕಿದವರಿಗೆಲ್ಲ, "ಅಮೀರಾಳ ಹತ್ರ ಗಿಡದ ವಿಷಯ ತೆಗಿಬೇಡಿ, ಅವಳಿಗೆ ನೋವಾಗ್ತದೆ," ಎಂದಿದ್ದಿರಂತೆ.

ನಿಮ್ಮ ಮಗಳು ಸೋತಿರಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ಬದುಕಿದ್ದವು. ನೀವು ಫೋನ್ ಇಟ್ಟ ಮೇಲೆ ನಾನೇ ಅವನ್ನು ಕತ್ತರಿಸಿದೆ.

ಅಲ್ಲಾಹನು ನಿಮ್ಮ ಖಬರನ್ನು ವಿಶಾಲ ಮಾಡಲಿ, ಬೆಳಕಲ್ಲಿಡಲಿ. ನನ್ನನ್ನು ಕ್ಷಮಿಸಿ.

ಗೆದ್ದ ಸುದ್ದಿಯನ್ನು ನಿಮಗೆ ಹೇಳದೆ ಉಳಿದ,
ನಿಮ್ಮ ಅಮೀರಾ